ಆರು ಚಿಲ್ಲರೆ ಮಡಿಕೆ

ವಾಲ್ಪರೈಸೊ. ಬಂದರಿನ ಮೇಲಿನ ಗುಡ್ಡದಲ್ಲಿ ರಾತ್ರಿಶಾಲೆ.
ಕಿಟಕಿಯಾಚೆ ಕ್ರೇನುಗಳ ಕೆಂಪು ದೀಪ,
ಒಳಗೆ ಹನ್ನೊಂದು ಮಂದಿ, ಎಂಟು ಬೆಂಚು,
ಒಲೆಯ ಬಿಸಿಗೆ ಒಣಗುತ್ತಿರುವ ಕೋಟುಗಳ ಉಣ್ಣೆವಾಸನೆ.
ನಾನು ಹಲಗೆಯ ಮೇಲೆ ಬರೆದೆ:
ಮೂರರ ಆಧಾರಕ್ಕೆ ಎಂಬತ್ತೊಂದರ ಲಘುಗಣಕ ಎಷ್ಟು?

ಯಾರೂ ಉಸಿರೆತ್ತಲಿಲ್ಲ.
ಹಡಗುಕಟ್ಟೆಯ ಫೆರ್ಮಿನ್ ಪೆನ್ಸಿಲ್ ಕಚ್ಚಿದ.
ಕೊನೆಯ ಬೆಂಚಿನ ಎಡೆಲ್ಮಿರಾ ಒಯಾರ್ಸುನ್,
ಮೂವತ್ತೊಂದು ವರ್ಷ ಬೇಕರಿಯಲ್ಲಿ ಹಿಟ್ಟು ನಾದಿದವಳು,
ಉಗುರ ಸಂದಿಯಲ್ಲಿ ಇನ್ನೂ ಮೈದಾ ಇರುವವಳು,
ಕೇಳಿದಳು: 'ಘಾತ, ಘಾತ ಅಂತೀರಲ್ಲ ಮೇಷ್ಟ್ರೇ,
ಯಾರಿಗೆ ಬಿತ್ತು ಪೆಟ್ಟು?'

ಪೆಟ್ಟಲ್ಲಮ್ಮ, ಮಡಿ, ಎಂದೆ.
ಮೂರು ಮಡಿ, ಅದರ ಮೂರು ಮಡಿ, ಮತ್ತದರ...
'ಮಡಿಯೇ!'
ತಲೆವಸ್ತ್ರ ಬಿಚ್ಚಿ ಬೆಂಚಿನ ಮೇಲೆ ಹಾಸಿದಳು.
ಈ ಕಡೆಯಿಂದ ಒಂದು ಪದರ, ಆ ಕಡೆಯಿಂದ ಒಂದು: ಮೂರು.
ತಿರುಗಿಸಿ ಮತ್ತೆ: ಒಂಬತ್ತು.
ಇಪ್ಪತ್ತೇಳು.
ನಾಲ್ಕನೆಯದಕ್ಕೆ ಬಟ್ಟೆ ಮುಷ್ಟಿಯಷ್ಟಾಯಿತು.
'ನಾಲ್ಕು. ಇಷ್ಟಕ್ಕಾ ಇಷ್ಟುದ್ದ ಹೆಸರು?
ನಸುಕಿನಲ್ಲಿ ನಿದ್ದೆಗಣ್ಣಲ್ಲೇ ಮಾಡ್ತೀನಲ್ಲ ಇದನ್ನ.'

ಆಮೇಲೆ ಆ ಪಾಠ ನನ್ನದಾಗಿ ಉಳಿಯಲಿಲ್ಲ.
ಒಂದರ ಲಘುಗಣಕ? 'ಸೊನ್ನೆ.
ಲಟ್ಟಿಸಿಟ್ಟ ಹಿಟ್ಟು, ಯಾರೂ ಮುಟ್ಟಿಲ್ಲ ಇನ್ನೂ.'
ಒಂಬತ್ತನ್ನು ಎಂಬತ್ತೊಂದರಿಂದ ಗುಣಿಸಿದ್ದಕ್ಕೆ?
ಉಳಿದವರೆಲ್ಲ ಗುಣಾಕಾರಕ್ಕೆ ಗೆರೆ ಎಳೆಯುತ್ತಿದ್ದರು.
'ಸಂಜೆ ಎರಡು ಮಡಿಕೆ,
ಒದ್ದೆಬಟ್ಟೆ ಹೊದಿಸಿ ತಣ್ಣಗಿಟ್ಟೆ. ಬೆಳಿಗ್ಗೆ ನಾಲ್ಕು.
ಒಟ್ಟು ಆರು.
ಪದರಗಳು ಬೇಕಾದರೆ ಗುಣಿಸಿಕೊಳ್ಳಲಿ ಮೇಷ್ಟ್ರೇ,
ನನ್ನ ಕೈ ಬರೀ ಕೂಡುತ್ತೆ.'

ಹದಿನೈದು ವರ್ಷ ಸೀಮೆಸುಣ್ಣ ಸವೆಸಿದ್ದೇನೆ ಈ ನಿಯಮಕ್ಕೆ.
ಆ ಹೆಸರಿನೊಳಗೆ ಲಘು ಎಂಬ ಮಾತು ಯಾಕೆ ಕೂತಿದೆ ಎಂದು
ಅವತ್ತು ತಿಳಿಯಿತು.

ಒಂಬತ್ತನೆಯ ಒಂದಕ್ಕೆ ಋಣ ಎರಡು ಎಂದಾಗ ಮಾತ್ರ
ಮುಖ ಗಂಟಿಕ್ಕಿತು.
'ಅದು ಮಡಿಸಿದ್ದನ್ನ ಬಿಚ್ಚೋ ಲೆಕ್ಕ.
ಹಾಳೆಯಲ್ಲಾದರೆ ಆಗಬಹುದು.
ಬೆಣ್ಣೆ ಒಳಗಿಳಿದ ಮೇಲೆ ಹಿಟ್ಟು ಬಿಚ್ಚಿಕೊಳ್ಳೋಲ್ಲ.'
ಹಾಗಾದರೆ ಸೊನ್ನೆಗೆ? ಫೆರ್ಮಿನ್ ತರಲೆ ತೆಗೆದ.
'ಎಷ್ಟು ಸಲ ಮಡಿಸಿದರೆ ಏನೂ ಉಳಿಯೋಲ್ಲ ಅಂತಲಾ?
ಸಂಬಳದ ದಿನ ನಮ್ಮ ಧಣಿಯನ್ನ ಕೇಳು.'

ನಗು ಅಡಗಿದ ಮೇಲೆ ಅವಳದೇ ಪ್ರಶ್ನೆ ಬಂತು, ಮೆಲ್ಲಗೆ.
ಅಂಗಡಿ ಹಲಗೆಯ ಮೇಲೆ ಮಿಲೋಹಾಸ್ ಎಂದಿದೆ, ಸಾವಿರ ಎಲೆ.
'ನಿಜವಾಗಿ ಸಾವಿರವೇ ಆಗಬೇಕಾದರೆ
ಎಷ್ಟು ಮಡಿಕೆ?'

ಆಧಾರ ಬದಲಿಸಿದೆವು. ಮೂರನ್ನು ಬಿಟ್ಟು ಹತ್ತಕ್ಕೆ.
ಸಾವಿರಕ್ಕೆ ಸರಿಯಾಗಿ ಮೂರು.
ಮೂರಕ್ಕೆ, ಕೋಷ್ಟಕದ ಹರಿದ ಪುಟದಲ್ಲಿ,
ಸೊನ್ನೆ ಬಿಂದು ನಾಲ್ಕು ಏಳು ಏಳು ಒಂದು.
ಭಾಗಿಸಿದರು ಹನ್ನೊಂದು ಮಂದಿ ಹನ್ನೊಂದು ಥರ,
ಒಂದೇ ಉತ್ತರಕ್ಕೆ ಬಂದು ನಿಂತರು:
ಆರು ಬಿಂದು ಎರಡು ಎಂಟು ಎಂಟು.

ಆರಕ್ಕೆ ಏಳುನೂರ ಇಪ್ಪತ್ತೊಂಬತ್ತು.
ಏಳಕ್ಕೆ ಎರಡು ಸಾವಿರದ ನೂರ ಎಂಬತ್ತೇಳು.
ಸಾವಿರ ನಡುವೆಲ್ಲೋ, ಕೈಗೆ ಸಿಗದ ಜಾಗದಲ್ಲಿ.
'ಆ ಚಿಲ್ಲರೆಯನ್ನ ಎಲ್ಲಿ ಮಡಿಸೋದು?' ಅಂದಳು.
ನನ್ನಲ್ಲಿ ಉತ್ತರವಿರಲಿಲ್ಲ. ಸಂಖ್ಯೆ ಇತ್ತು, ಅಷ್ಟೆ.
ಅವಳು ತಲೆವಸ್ತ್ರ ಕೊಡವಿ ಕಟ್ಟಿಕೊಂಡು
ಕಡಿದಾದ ಮೆಟ್ಟಿಲಿಳಿದು ಹೋದಳು.

ಮುಂದಿನ ಗುರುವಾರ ಮೇಜಿನ ಮೇಲೆ
ದಾರ ಕಟ್ಟಿದ ರಟ್ಟಿನ ಡಬ್ಬ.
ಮುಚ್ಚಳದ ಮೇಲೆ ಪೆನ್ಸಿಲಿನಲ್ಲಿ, ಒತ್ತಿ ಬರೆದದ್ದು:
ಏಳುನೂರ ಇಪ್ಪತ್ತೊಂಬತ್ತು ಎಲೆ.
ಮುರಿದರೆ ಗರಿಗರಿ ಚೂರು ಎಲ್ಲೆಲ್ಲೂ ಉದುರಿತು,
ಫೆರ್ಮಿನ್ನನ ಮನೆಲೆಕ್ಕದ ಮೇಲೂ.
ಸಮಚಿಹ್ನೆಯ ಸುತ್ತ ಬೆಣ್ಣೆ ಹರಡಿ
ಹಾಳೆಯ ಹಿಂಬದಿ ಕಾಣತೊಡಗಿತು.